ಬೆಂಗಳೂರಿನ ಒಂಟಿತನಕ್ಕೆ ಗಂಟೆಗಳ ಲೆಕ್ಕ

ಪ್ರಶ್ನೆ: ನನಗೀಗ 28 ವರ್ಷ. ಹಾವೇರಿ ಕಡೆಯವಳು, ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು. ಕೆಲಸ ಬೆಳ್ಳಂದೂರಿನಲ್ಲಿ, ಎಚ್‌ಎಸ್‌ಆರ್ ಬಡಾವಣೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ವಾರಕ್ಕೆ ಎರಡು ದಿನ ಮಾತ್ರ ಆಫೀಸು. ತಿಂಗಳಿಗೆ ಎರಡು ಸಲ ಊರಿಗೆ ಹೋಗಿಬರುತ್ತೇನೆ. ಹೋದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದ್ದಾಗ ಊಟ ತಂದುಕೊಟ್ಟ ಡೆಲಿವರಿ ಹುಡುಗನನ್ನು ಬಿಟ್ಟರೆ ಒಬ್ಬರ ಮುಖವನ್ನೂ ನೋಡಲಿಲ್ಲ. ಫೋನಿನಲ್ಲಿ ನೂರಾರು ನಂಬರುಗಳಿವೆ, ಯಾರಿಗೆ ಕರೆ ಮಾಡಬೇಕೆಂದು ತೋಚಲಿಲ್ಲ. ಟ್ರೆಕ್ಕಿಂಗ್, ಬ್ಯಾಡ್ಮಿಂಟನ್, ಆ್ಯಪ್ ಮೂಲಕ ನಡೆಯುವ ಮೀಟಪ್ ಎಲ್ಲವನ್ನೂ ನೋಡಿದೆ. ಪರಿಚಯ ಆಗುತ್ತದೆ, ಗೆಳೆತನ ಆಗುವುದಿಲ್ಲ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಅಮ್ಮ. ಕೊರತೆ ನನ್ನಲ್ಲೇ ಇದೆಯೇ? ಈ ಊರಿನಲ್ಲಿ ಖುಷಿಯಾಗಿ ಇರುವುದು ಹೇಗೆ?

ಉತ್ತರ: ನೀವು ಬರೆದದ್ದರಲ್ಲಿ ನಿಮ್ಮ ಸ್ವಭಾವದ ಕೊರತೆ ನಮಗೆ ಕಾಣಲಿಲ್ಲ. ಕಂಡದ್ದು ಗಂಟೆಗಳ ಕೊರತೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಲೆಕ್ಕ ಹಾಕಿ ನೋಡಬಹುದು.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು ಹೊಸ ಊರಿಗೆ ವಲಸೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಅಂದಾಜು ಹೀಗಿದೆ. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಗೆಳೆಯರು ಎನ್ನಿಸಿಕೊಳ್ಳಲು ಸುಮಾರು 90. ಆಪ್ತರಾಗಲು 200ಕ್ಕೂ ಹೆಚ್ಚು. ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿದ ಹೊತ್ತು ಈ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಊಟ, ಹರಟೆ, ಆಟ, ತಿರುಗಾಟ ಬರುತ್ತವೆ. ಅಮೆರಿಕದ ಸಂಖ್ಯೆಗಳು ನಮಗೆ ಅಕ್ಷರಶಃ ಹೊಂದಬೇಕೆಂದಿಲ್ಲ, ಆದರೆ ಎಷ್ಟು ದೂರದ ದಾರಿ ಎಂಬುದನ್ನು ಅವು ತೋರಿಸುತ್ತವೆ.

ಈಗ ನಿಮ್ಮ ಮೂರು ವರ್ಷಗಳನ್ನು ಇದರ ಪಕ್ಕದಲ್ಲಿಡಿ. ಹತ್ತು ಮೀಟಪ್, ಒಂದೊಂದೂ ಮೂರು ಗಂಟೆ ಎಂದುಕೊಳ್ಳಿ. ಒಟ್ಟು 30 ಗಂಟೆ, ಅದೂ ನೂರು ಜನರ ಮೇಲೆ ಹಂಚಿಹೋಗಿದೆ. ಯಾರೊಬ್ಬರ ಜೊತೆಗೂ ಐದು ಗಂಟೆ ಮುಟ್ಟಿಲ್ಲ. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಜೊತೆ ಇಷ್ಟು ಹೊತ್ತು ಒಂದೇ ದಿನದಲ್ಲಿ ಕಳೆದಿರುತ್ತದೆ, 50 ಗಂಟೆ ಎರಡು ವಾರಕ್ಕೇ ತುಂಬಿರುತ್ತದೆ. ಶಾಲೆ, ಹಾಸ್ಟೆಲುಗಳಲ್ಲಿ ಗೆಳೆತನ ಮಾಡಿಕೊಟ್ಟದ್ದು ನಿಮ್ಮ ಜಾಣ್ಮೆಯಲ್ಲ, ಅದೇ ಬೆಂಚು, ಅದೇ ಮೆಸ್ಸು, ಅದೇ ಮುಖಗಳ ಏರ್ಪಾಡು. 1950ರಲ್ಲಿ ಪ್ರಕಟವಾದ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರ ಅಧ್ಯಯನವೂ ಇದನ್ನೇ ಹೇಳುತ್ತದೆ. ಅಮೆರಿಕದ ಎಂಐಟಿ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿ ವಸತಿಗೃಹಗಳಲ್ಲಿ ಅವರು ನೋಡಿದಾಗ ಪಕ್ಕದ ಬಾಗಿಲಿನವರೇ ಹೆಚ್ಚು ಗೆಳೆಯರಾಗಿದ್ದರು, ಮೆಟ್ಟಿಲ ಬುಡದಲ್ಲಿದ್ದವರಿಗೆ ಮೇಲಿನ ಮಹಡಿಯವರ ಸ್ನೇಹವೂ ಸಿಕ್ಕಿತ್ತು. ಗುಣಕ್ಕಿಂತ ಮೊದಲು ಹಾದಿ ಕೆಲಸ ಮಾಡಿತ್ತು.

ಬೆಂಗಳೂರು ಈ ಏರ್ಪಾಡನ್ನೇ ಬಿಚ್ಚಿಹಾಕುತ್ತದೆ. 11 ತಿಂಗಳ ಬಾಡಿಗೆ ಕರಾರು ಮುಗಿಯುತ್ತಿದ್ದಂತೆ ಪಕ್ಕದ ಮನೆಯವರು ಬದಲಾಗುತ್ತಾರೆ, ಸಹೋದ್ಯೋಗಿ ಕಂಪನಿ ಬದಲಿಸುತ್ತಾರೆ, ತರಕಾರಿ ಹತ್ತು ನಿಮಿಷದಲ್ಲಿ ಬಾಗಿಲಿಗೇ ಬರುತ್ತದೆ. ಒಂದೇ ಮುಖವನ್ನು ಎರಡನೆಯ ಸಲ ನೋಡುವ ಅವಕಾಶಗಳು ಒಂದೊಂದಾಗಿ ಕೈಜಾರುತ್ತವೆ. ಇದರ ಮೇಲೆ ನಗರದವರ ಬಿಗುಮಾನ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1903ರಲ್ಲೇ ಇದನ್ನು ವಿವರಿಸಿದ್ದರು. ದಿನಕ್ಕೆ ಸಾವಿರ ಮುಖ ನೋಡುವ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಒಂದು ಪರದೆ ಹಾಕಿಕೊಳ್ಳುತ್ತದೆ. ಲಿಫ್ಟಿನಲ್ಲಿ ಫೋನ್ ನೋಡುತ್ತ ನಿಂತವರು ನಿಮ್ಮನ್ನು ತಿರಸ್ಕರಿಸುತ್ತಿಲ್ಲ. ನೀವೂ ಅವರ ಕಣ್ಣಿಗೆ ಹಾಗೆಯೇ ಕಾಣುತ್ತಿರಬಹುದು.

ಹಾಗಾಗಿ ನೀವು ಮಾಡಬೇಕಾದ ಮುಖ್ಯ ಕೆಲಸ ಹೊಸ ಜನರನ್ನು ಹುಡುಕುವುದಲ್ಲ, ಅದೇ ಜನ ಮತ್ತೆ ಮತ್ತೆ ಸಿಗುವ ಹಾಗೆ ವಾರವನ್ನು ಜೋಡಿಸಿಕೊಳ್ಳುವುದು.

ಮೊದಲು ಊರಿನ ಪ್ರಯಾಣದ ವಿಷಯ. ಇದನ್ನು ಹೇಳಲು ನಮಗೂ ಸಂಕಟ, ಆದರೆ ಹೇಳದಿದ್ದರೆ ಉಳಿದ ಸಲಹೆಗಳು ಕೆಲಸಕ್ಕೆ ಬರುವುದಿಲ್ಲ. ವರ್ಷಕ್ಕೆ 52 ವಾರಾಂತ್ಯ. ತಿಂಗಳಿಗೆ ಎರಡರಂತೆ 24 ಊರಿಗೆ ಹೋದವು. ಉಳಿದ 28ರಲ್ಲಿ ಮದುವೆ, ಮುಂಜಿ, ಹಬ್ಬ, ಬಟ್ಟೆ ಒಗೆತ, ಸುಸ್ತು ಕಳೆದರೆ ಕೈಗೆ ಸಿಗುವುದು 20 ಇರಬಹುದು. ಸಂಖ್ಯೆಗಿಂತ ದೊಡ್ಡ ತೊಂದರೆ ಸರಣಿ ತುಂಡಾಗುವುದು. ವಾರಕ್ಕೆರಡು ಗಂಟೆ ಸೇರುವ ಗುಂಪಿನಲ್ಲಿ ತಪ್ಪದೆ ಇದ್ದವರಿಗೆ 50 ಗಂಟೆ 25 ವಾರಕ್ಕೆ ತುಂಬುತ್ತದೆ. ವಾರ ಬಿಟ್ಟು ವಾರ ಬರುವವರಿಗೆ ವರ್ಷ ಬೇಕು, ಅಷ್ಟರಲ್ಲಿ ಗುಂಪೇ ಬದಲಾಗಿರುತ್ತದೆ. ಹೋದ ವಾರದ ಮಾತು ಇವತ್ತು ಮುಂದುವರಿಯುವಾಗ ನೀವು ಪ್ರತಿ ಸಲವೂ ಹೊಸಬರಾಗಿ ಕೂರುತ್ತೀರಿ.

ಊರು ಬಿಡಿ ಎನ್ನುತ್ತಿಲ್ಲ. ಮನೆಯವರ ಆರೋಗ್ಯ ಚೆನ್ನಾಗಿದ್ದರೆ ಆರು ತಿಂಗಳ ಮಟ್ಟಿಗೆ ಎರಡು ಸಣ್ಣ ಭೇಟಿಗಳನ್ನು ಒಂದು ದೊಡ್ಡ ಭೇಟಿಯಾಗಿಸಿ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಎಂದಮೇಲೆ ಗುರುವಾರ ರಾತ್ರಿಯ ರೈಲು ಹಿಡಿದು, ಶುಕ್ರವಾರ ಹಾವೇರಿಯಿಂದಲೇ ಕೆಲಸ ಮಾಡಿ, ಭಾನುವಾರ ರಾತ್ರಿ ಹೊರಡಬಹುದು. ಅಪ್ಪ ಅಮ್ಮನಿಗೆ ಪೂರ್ತಿ ಮೂರು ದಿನ ಸಿಗುತ್ತೀರಿ, ಬೆಂಗಳೂರಿಗೆ ಸಾಲಾಗಿ ಮೂರು ವಾರಾಂತ್ಯ ಸಿಗುತ್ತವೆ.

ಇನ್ನು, ಹೊಸಬರ ಹತ್ತಿರ ಹೋಗುವ ಮೊದಲು ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ಕಾಲೇಜಿನ, ಪಿಜಿಯ, ಹಳೆಯ ಆಫೀಸಿನ ಯಾರು ಯಾರು ಬೆಂಗಳೂರಿನಲ್ಲಿದ್ದಾರೆ ಎಂದು ಪಟ್ಟಿ ಮಾಡಿ. ಅವರ ಜೊತೆ 200 ಗಂಟೆ ಆಗಲೇ ಜಮೆಯಾಗಿದೆ, ಖಾತೆ ಮುಚ್ಚಿಲ್ಲ. ಇಷ್ಟು ವರ್ಷ ಬಿಟ್ಟು ಮೆಸೇಜ್ ಮಾಡಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಳಿಸಿದವರು ಅಂದಾಜು ಮಾಡಿದ್ದಕ್ಕಿಂತ ಪಡೆದವರ ಸಂತೋಷ ಹೆಚ್ಚಾಗಿತ್ತು. ನಿರೀಕ್ಷೆಯೇ ಇಲ್ಲದವರಿಗೆ ಇನ್ನೂ ಹೆಚ್ಚು. ಹಬ್ಬದ ಶುಭಾಶಯದ ಚಿತ್ರ ಕಳಿಸಬೇಡಿ, ಅದಕ್ಕೆ ಉತ್ತರವಾಗಿ ಇನ್ನೊಂದು ಚಿತ್ರ ಬರುತ್ತದೆ. ಅವರಿಗೆ ಮಾತ್ರ ಸಲ್ಲುವ ಎರಡು ಸಾಲು ಬರೆಯಿರಿ: ‘ಇವತ್ತು ಮಿರ್ಚಿ ತಿನ್ನುವಾಗ ಹಾಸ್ಟೆಲ್ ಹಿಂದಿನ ಗಾಡಿ ನೆನಪಾಯ್ತು. ಮುಂದಿನ ಶನಿವಾರ ಬೆಳಿಗ್ಗೆ ಜಯನಗರದ ಕಡೆ ಬರ್ತಿದೀನಿ, ಒಂದು ಬೈ ಟು ಕಾಫಿ ಆಗುತ್ತಾ?’ ಐದು ಜನಕ್ಕೆ ಕಳಿಸಿದರೆ ಇಬ್ಬರು ಸಿಕ್ಕರೂ ಸಾಕು.

ಹೊಸ ಜಾಗದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಎಷ್ಟು ಜನ ಬರುತ್ತಾರೆ, ಎಷ್ಟು ಮಜಾ ಇರುತ್ತದೆ ಎಂದು ನೋಡುತ್ತಾರೆ. ನೋಡಬೇಕಾದದ್ದು ಬೇರೆ. ಹೋದ ವಾರದವರಲ್ಲಿ ಅರ್ಧದಷ್ಟಾದರೂ ಈ ವಾರ ಬರುತ್ತಾರೆಯೇ? ದಿನ, ಹೊತ್ತು ನಿಗದಿಯೇ? ಮನೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದೇ? ಕೈಗೊಂದು ಕೆಲಸವಿದೆಯೇ, ಅಂದರೆ ಮಾತು ನಿಂತಾಗ ಮುಜುಗರವಾಗದಂಥ ಕೆಲಸ? ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ ನಿಂತು ಮಾತಾಡುವ ರೂಢಿ ಅಲ್ಲಿದೆಯೇ? ಗೆಳೆತನ ಚಿಗುರುವುದು ಆ ಕೊನೆಯ ಅರ್ಧ ಗಂಟೆಯಲ್ಲಿ. ಅದನ್ನು ಬಿಟ್ಟು ಕ್ಯಾಬ್ ಹತ್ತಿದರೆ ಬಂದ ಉದ್ದೇಶವನ್ನೇ ಬಿಟ್ಟು ಹೋದ ಹಾಗೆ.

ನಿಮ್ಮ ಬ್ಯಾಡ್ಮಿಂಟನ್ ಏಕೆ ಫಲ ಕೊಡಲಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಆ್ಯಪಿನಲ್ಲಿ ಒಂದೊಂದು ಜಾಗ ಕಾದಿರಿಸಿ ಆಡುವಾಗ ಪ್ರತಿ ಸಲವೂ ಹೊಸ ಮೂವರು. ಅದೇ ಹಣದಲ್ಲಿ ಆರು ಜನರ ಖಾಯಂ ಗುಂಪು ಕಟ್ಟಿ, ಮಂಗಳವಾರ ಮತ್ತು ಶನಿವಾರ ಒಂದೇ ಹೊತ್ತಿಗೆ ಅಂಕಣ ಹಿಡಿಯಿರಿ. ನಾಲ್ವರೇ ಇದ್ದರೆ ಒಬ್ಬರು ತಪ್ಪಿಸಿಕೊಂಡ ದಿನ ಡಬಲ್ಸ್ ನಿಂತು, ಮೂರು ವಾರದಲ್ಲಿ ಗುಂಪು ಚದುರುತ್ತದೆ. ಎಂಟಾದರೆ ಅರ್ಧ ಜನ ಬದಿಯಲ್ಲಿ ಫೋನ್ ನೋಡುತ್ತ ಕೂರುತ್ತಾರೆ. ಆರು ಸರಿಯಾದ ಸಂಖ್ಯೆ, ಹೊರಗೆ ಕೂತ ಇಬ್ಬರಿಗೆ ಮಾತಾಡಲು ಬಿಡುವೂ ಸಿಗುತ್ತದೆ. ಟ್ರೆಕ್ಕಿಂಗ್ ಬಸ್ಸಿನ 40 ಜನ ಮರುದಿನ ಚದುರಿಹೋಗುತ್ತಾರೆ. ಅಲ್ಲಿ ಮಾಡಬೇಕಾದದ್ದು ಒಂದೇ: ಜೊತೆಯಲ್ಲಿ ಹತ್ತಿದ ಇಬ್ಬರಿಗೆ ಎರಡು ದಿನದೊಳಗೆ ಮೆಸೇಜ್ ಮಾಡಿ ಮುಂದಿನ ಭೇಟಿಯ ದಿನ ಗೊತ್ತು ಮಾಡುವುದು. ವಾರ ಕಳೆದರೆ ಮುಖವೂ ಮಸುಕಾಗುತ್ತದೆ.

ನೀವಿರುವ ಕಡೆಯಿಂದ ಕೆಲವು ದಾರಿಗಳು. ಅಗರ ಕೆರೆಯ ಸುತ್ತ ಬೆಳಗಿನ ನಡಿಗೆ ಕಾಲಳತೆಯಲ್ಲೇ ಇದೆ. ದಿನವೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿನಲ್ಲಿ ಹೋಗಿ, ಎದುರಾಗುವ ಮುಖಗಳು ಹದಿನೈದು ದಿನದಲ್ಲಿ ನಿಮ್ಮನ್ನು ಗುರುತಿಸುತ್ತವೆ. ಸಿಲ್ಕ್ ಬೋರ್ಡಿನಲ್ಲಿ ಹಳದಿ ಮೆಟ್ರೊ ಹತ್ತಿ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಲಾಲ್‌ಬಾಗ್. ಅಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಹಕ್ಕಿ ನೋಡುವವರು ದಶಕಗಳಿಂದ ಸೇರುತ್ತಿದ್ದಾರೆ. ಕೈಗೆ ದುರ್ಬೀನು, ಕಣ್ಣಿಗೆ ಕೆಲಸ, ಮಾತು ಬೇಕೆನಿಸಿದಾಗ ಮಾತು. ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರಗಳಂದು ‘ಕಬ್ಬನ್ ರೀಡ್ಸ್’ ಹೆಸರಿನಲ್ಲಿ ಮೌನವಾಗಿ ಓದುವವರು ಸೇರುತ್ತಾರೆ. ಮಾತಿಗೆ ಹಿಂಜರಿಯುವವರಿಗೆ ಒಳ್ಳೆಯ ಜಾಗ. ಆದರೆ ಓದಿ ಎದ್ದು ಬಂದರೆ ಓದು ಮಾತ್ರ ದಕ್ಕುತ್ತದೆ, ಪಕ್ಕದವರ ಪುಸ್ತಕದ ಬಗ್ಗೆ ಒಂದು ಪ್ರಶ್ನೆ ಕೇಳಿಯೇ ಏಳಬೇಕು.

ನಮ್ಮನ್ನು ಕೇಳಿದರೆ, ಕನ್ನಡ ಬಲ್ಲವರಿಗೆ ಈ ಊರಿನಲ್ಲಿರುವ ದೊಡ್ಡ ಅನುಕೂಲ ಹವ್ಯಾಸಿ ರಂಗಭೂಮಿ. ಜೆ.ಪಿ. ನಗರದ ರಂಗಶಂಕರದಲ್ಲಿ ಟಿಕೆಟ್ ತೆಗೆದು ನಾಟಕ ನೋಡಿದರೆ ಒಳ್ಳೆಯ ಸಂಜೆಯೊಂದು ಸಿಗುತ್ತದೆ, ಜನ ಸಿಗುವುದಿಲ್ಲ. ಜನ ಸಿಗುವುದು ತಾಲೀಮಿನಲ್ಲಿ. ವಾರಕ್ಕೆ ಐದು ಸಂಜೆ, ದಿನಕ್ಕೆ ಎರಡೂವರೆ ಗಂಟೆ, ಆರು ವಾರ ಎಂದರೆ 75 ಗಂಟೆ. ಅದೂ ಅದೇ ಹನ್ನೆರಡು, ಹದಿನೈದು ಜನರ ಜೊತೆ, ನಡುನಡುವೆ ಚಹಾ, ಮುಗಿದಾಗ ಯಾರದೋ ಸ್ಕೂಟರಿನ ಹಿಂದೆ ಮನೆ. ನಟನೆ ಬರಬೇಕಿಲ್ಲ. ರಂಗಸಜ್ಜಿಕೆ, ಪ್ರಸಾಧನ, ವಸ್ತ್ರ, ಬೆಳಕಿಗೆ ಕೈ ಜೋಡಿಸುವವರನ್ನು ತಂಡಗಳು ಸದಾ ಹುಡುಕುತ್ತಿರುತ್ತವೆ. ನಾಟಕ ಮುಗಿದ ಮೇಲೆ ತಂಡದವರು ಪ್ರೇಕ್ಷಕರೊಡನೆ ಮಾತಾಡುವಾಗ ‘ತೆರೆಯ ಹಿಂದಿನ ಕೆಲಸಕ್ಕೆ ಜನ ಬೇಕಾ?’ ಎಂದು ಕೇಳಿ. ಸುಗಮ ಸಂಗೀತದ ಸಮೂಹಗಾನ, ಬಡಾವಣೆಯ ಗಣಪತಿ ಉತ್ಸವದ ಸಮಿತಿ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ತಯಾರಿ, ಇವುಗಳಿಗೂ ಇದೇ ಗುಣವಿದೆ: ಎಲ್ಲರೂ ಸೇರಿ ಒಂದು ದಿನಾಂಕದ ಕಡೆಗೆ ಓಡುವುದು.

ಒಂದು ಜಾಗ ಆರಿಸಿದರೆ ಹತ್ತು ವಾರ ಬದಲಿಸಬೇಡಿ. ಮೊದಲ ಮೂರು ವಾರ ಬೇಸರವೇ ಇರುತ್ತದೆ, ಎಲ್ಲರೂ ಒಬ್ಬರಿಗೊಬ್ಬರು ಗೊತ್ತು, ನೀವೊಬ್ಬರೇ ಹೊರಗಿನವರು. ಸಾಮಾನ್ಯವಾಗಿ ಜನ ಬಿಟ್ಟುಹೋಗುವುದು ಆ ಹಂತದಲ್ಲೇ. ಬೇಗ ಒಳಗೆ ಸೇರಲು ಒಂದು ಉಪಾಯವಿದೆ. ಸಣ್ಣ ಹೊಣೆಯೊಂದನ್ನು ಹೊತ್ತುಕೊಳ್ಳಿ. ಶಟಲ್ ಡಬ್ಬಿ ತರುವುದು, ಹಾಜರಿ ಬರೆಯುವುದು, ಚಹಾದ ಲೆಕ್ಕ ನೋಡುವುದು. ಬಾರದಿದ್ದ ದಿನ ‘ಎಲ್ಲಿ ಅವರು?’ ಎಂದು ಯಾರಾದರೂ ಕೇಳಬೇಕಾದರೆ ನಿಮ್ಮಿಂದ ಅಲ್ಲೊಂದು ಕೆಲಸ ನಡೆಯುತ್ತಿರಬೇಕು.

ಗುಂಪಿನಿಂದ ಇಬ್ಬರ ಭೇಟಿಗೆ ದಾಟುವುದು ಮುಂದಿನ ಹೆಜ್ಜೆ. ‘ಯಾವಾಗಾದ್ರೂ ಸಿಗೋಣ’ ಎಂಬ ಮಾತಿನಿಂದ ಯಾರೂ ಯಾವತ್ತೂ ಸಿಗುವುದಿಲ್ಲ. ಆಹ್ವಾನದಲ್ಲಿ ದಿನ, ಜಾಗ, ಆರಂಭ, ಮುಕ್ತಾಯ ನಾಲ್ಕೂ ಇರಲಿ: ‘ಭಾನುವಾರ ಬೆಳಿಗ್ಗೆ 7:30ಕ್ಕೆ ಕೆರೆ ಎರಡು ಸುತ್ತು ಹಾಕಿ ಇಡ್ಲಿ ತಿನ್ನೋಣ, 9 ಗಂಟೆಗೆ ಮುಗಿಯುತ್ತೆ, ಬರ್ತೀರಾ?’ ಮುಗಿಯುವ ಹೊತ್ತು ತಿಳಿಸಿದರೆ ಒಪ್ಪುವುದು ಸುಲಭ. ಹೊಸಬರಾದರೆ ಹಗಲಿನಲ್ಲಿ, ಜನರಿರುವ ಜಾಗದಲ್ಲೇ ಇರಲಿ. ಆಗುವುದಿಲ್ಲ ಎಂದರೆ ಎರಡು ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ ಕೇಳಿ. ಮೂರು ಸಲವೂ ಬದಲಿ ದಿನ ಸೂಚಿಸದವರನ್ನು ಗುಂಪಿನಲ್ಲಿ ಸಿಗುವ ಪರಿಚಯವಾಗಿಯೇ ಇರಗೊಡಿ. ಭೇಟಿಯ ನಂತರ ‘ನಾನು ಬೋರ್ ಹೊಡೆಸಿದೆನೇನೋ’ ಎನ್ನಿಸಿದರೆ ಅದನ್ನು ನಂಬಬೇಡಿ. ಮೊದಲ ಮಾತುಕತೆಯ ನಂತರ ತಾವು ಎಷ್ಟು ಇಷ್ಟವಾದೆವೆಂದು ಜನ ಕಡಿಮೆಯೇ ಅಂದಾಜಿಸುತ್ತಾರೆ ಎಂದು ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದ್ದಾರೆ. ಎದುರಿಗಿದ್ದವರೂ ಮನೆಗೆ ಹೋಗಿ ಅದೇ ಅಳುಕಿನಲ್ಲಿರುತ್ತಾರೆ.

ಎರಡನೆಯ ತಿಂಗಳ ಹೊತ್ತಿಗೆ ಮನೆಗೆ ಕರೆಯಿರಿ. ನಿಮ್ಮದು ಒಂದೇ ಕೋಣೆ ಎಂಬ ಸಂಕೋಚ ಬೇಡ, ಮೂವರನ್ನು ಕರೆದರೆ ಸಾಕು. ನಾಲ್ವರಿಗೆ ಎರಡು ಪಾವು ಅಕ್ಕಿಯ ಚಿತ್ರಾನ್ನ, ಒಂದು ಲೀಟರ್ ಮಜ್ಜಿಗೆ. ಎಲ್ಲವನ್ನೂ ಮಾಡಿಟ್ಟು ಅತಿಥಿಗಳನ್ನು ಕೂರಿಸಬೇಡಿ. ಅನ್ನ ಮಾತ್ರ ಆಗಿರಲಿ, ಈರುಳ್ಳಿ ಹೆಚ್ಚುವುದು, ನಿಂಬೆ ಹಿಂಡುವುದು, ಒಗ್ಗರಣೆ ಅವರ ಕೈಗೆ ಹೋಗಲಿ. ಬಂದವರು ಅಡುಗೆಮನೆ ಹೊಕ್ಕರೆ ಮುಂದಿನ ಸಲ ಕರೆಯದೆಯೂ ಬರುತ್ತಾರೆ. ಇಂಥ ಗೆಳತಿಯರ ಜೊತೆ ಒಂದು ದಿನ ಶಿವಗಂಗೆಗೆ ಹೋಗಿಬಂದರೆ ಒಂಬತ್ತು ಹತ್ತು ಗಂಟೆ ಒಟ್ಟಿಗೇ ಸೇರುತ್ತದೆ. ಅಷ್ಟನ್ನು ಬ್ಯಾಡ್ಮಿಂಟನ್ ಅಂಕಣದಲ್ಲಿ ಕೂಡಿಸಲು ತಿಂಗಳು ಬೇಕು.

ಮಾತಿನ ಆಳದಲ್ಲೂ ಎರಡು ಬಗೆಯ ತಪ್ಪು ನಡೆಯುತ್ತದೆ. ವರ್ಷವಿಡೀ ಟ್ರಾಫಿಕ್ಕು, ಮ್ಯಾನೇಜರು, ಬಾಡಿಗೆ ಎಂದು ಮೇಲ್ಮೇಲೆ ಹೋಗುವುದು ಒಂದು. ಬಹುದಿನ ಕಟ್ಟಿಕೊಂಡ ದುಃಖವನ್ನೆಲ್ಲ ಮೊದಲ ಭೇಟಿಯಲ್ಲೇ ಸುರಿಯುವುದು ಇನ್ನೊಂದು. ಆರ್ಥರ್ ಆರನ್ ತಂಡ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರು 45 ನಿಮಿಷದಲ್ಲಿ ಹತ್ತಿರವಾಗಿದ್ದು ಪ್ರಶ್ನೆಗಳು ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕಿಳಿದದ್ದರಿಂದ, ಇಬ್ಬರೂ ಸರದಿಯಂತೆ ಉತ್ತರಿಸಿದ್ದರಿಂದ. ಹಾಗೆಯೇ ನಿಮ್ಮದೊಂದು ನಿಜವಾದ ವಾಕ್ಯ ಹೇಳಿ ನಿಲ್ಲಿಸಿ: ‘ಮನೆಯಿಂದ ಕೆಲಸ ಮಾಡೋ ದಿನ ಸಂಜೆ ಆಗ್ತಿದ್ದಂಗೆ ಮನಸ್ಸು ಕುಗ್ಗುತ್ತೆ.’ ಅವರೂ ತಮ್ಮದೊಂದು ಹೇಳಿದರೆ ಇನ್ನೊಂದು ಮೆಟ್ಟಿಲು ಇಳಿಯಿರಿ. ವಿಷಯ ಬದಲಿಸಿದರೆ ಇವತ್ತಿಗೆ ಅಷ್ಟೇ.

ದಿನನಿತ್ಯದ ಸಣ್ಣ ಮಾತುಗಳನ್ನು ಕಡೆಗಣಿಸಬೇಡಿ. ಕಾಫಿ ಅಂಗಡಿಯಲ್ಲಿ ನಗುತ್ತ ಎರಡು ಮಾತಾಡಿದವರ ಮನಸ್ಸು, ಬೇಗ ಮುಗಿಸಿ ಹೊರಟವರಿಗಿಂತ ಹಗುರಾಗಿತ್ತು ಎಂದು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ವರದಿ ಮಾಡಿದ್ದಾರೆ. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಒಂದೇ ದರ್ಶಿನಿಗೆ ಒಂದೇ ಹೊತ್ತಿಗೆ ಹೋಗಿ, ಸೊಪ್ಪನ್ನು ಗಾಡಿಯವರಿಂದಲೇ ಕೊಳ್ಳಿ, ಹೆಸರು ಕೇಳಿ, ನಿಮ್ಮದನ್ನೂ ಹೇಳಿ. ಇದು ಆ ದಿನದ ಮನಸ್ಸಿಗೆ ಔಷಧ. 50 ಗಂಟೆಯ ಲೆಕ್ಕಕ್ಕೆ ಇದನ್ನು ಸೇರಿಸಬೇಡಿ.

ಒಂಟಿತನ ಬಹಳ ದಿನ ಇದ್ದರೆ ನೋಟವನ್ನೇ ಬದಲಿಸುತ್ತದೆ. ಇದನ್ನು ದೀರ್ಘಕಾಲ ಅಧ್ಯಯನ ಮಾಡಿದ ಜಾನ್ ಕ್ಯಾಸಿಯೊಪ್ಪೊ ವಿವರಿಸಿದಂತೆ, ಒಂಟಿಯಾದ ಮನಸ್ಸು ಕಾವಲುಗಾರನಂತಾಗಿ ಎಲ್ಲೆಲ್ಲೂ ತಿರಸ್ಕಾರವನ್ನೇ ಹುಡುಕುತ್ತದೆ. ನೀಲಿ ಗುರುತು ಬಿದ್ದೂ ಉತ್ತರ ಬರದಿದ್ದರೆ ‘ನಾನು ಬೇಡವಾದೆ’ ಎಂದೇ ಓದುತ್ತದೆ. ಅಂಥ ಹೊತ್ತಿನಲ್ಲಿ ಬೇರೆ ಮೂರು ಕಾರಣಗಳನ್ನು ಕಾಗದದ ಮೇಲೆ ಬರೆಯಿರಿ, ಮೀಟಿಂಗು, ಗಾಡಿ ಓಡಿಸುವುದು, ಮರೆವು, ಏನಾದರೂ. ಎರಡು ದಿನ ಬಿಟ್ಟು ಇನ್ನೊಂದು ಮೆಸೇಜ್ ಕಳಿಸಿ.

ಖುಷಿಯ ಬಗ್ಗೆ ಕೇಳಿದ್ದೀರಿ. ಪ್ರತಿ ಭೇಟಿಯ ನಂತರವೂ ‘ಖುಷಿಯಾಯಿತೇ?’ ಎಂದು ಅಳೆಯುವುದನ್ನು ಬಿಡಿ. ಐರಿಸ್ ಮಾಸ್ ತಂಡದ 2011ರ ಪ್ರಯೋಗದಲ್ಲಿ, ಖುಷಿಯ ಮಹತ್ವದ ಬಗ್ಗೆ ಓದಿ ಆಮೇಲೆ ಸಂತೋಷದ ದೃಶ್ಯವಿದ್ದ ಚಿತ್ರತುಣುಕು ನೋಡಿದವರಿಗೆ ಸಿಕ್ಕಿದ್ದು ಉಳಿದವರಿಗಿಂತ ಕಡಿಮೆ ಖುಷಿ. ನೋಟ್‌ಬುಕ್ಕಿನಲ್ಲಿ ಮೂರೇ ಕಲಂ ಇರಲಿ: ದಿನಾಂಕ, ಹೆಸರು, ಗಂಟೆ. ಆರು ತಿಂಗಳಿಗೆ ಮೂರು ಹೆಸರುಗಳ ಮುಂದೆ 50 ತುಂಬಿದ್ದರೆ ದಾರಿ ಸರಿಯಿದೆ.

ಅಮ್ಮನ ಮಾತಿನ ಬಗ್ಗೆ: ಮದುವೆ ಬೇಕೆನಿಸಿದಾಗ ಆಗಿ, ಒಂಟಿತನಕ್ಕೆ ಮದ್ದು ಎಂದು ಬೇಡ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅವರ ಪ್ರಕಾರ ಮನುಷ್ಯರ ಅತ್ಯಂತ ಒಳಗಿನ ವೃತ್ತದಲ್ಲಿ ಸುಮಾರು ಐದು ಜನ, ಅದರ ಸುತ್ತ ಹದಿನೈದು. ಐವರು ಹೊರುವ ಭಾರವನ್ನು ಒಬ್ಬರ ಮೇಲೆ ಹೇರಿದರೆ ಆ ಸಂಬಂಧಕ್ಕೂ ಉಸಿರು ಕಟ್ಟುತ್ತದೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ ಅದು ಖಿನ್ನತೆ ಇರಬಹುದು. ಆಗ ಮೇಲಿನ ಸಲಹೆಗಳು ಹೊರೆಯಾಗುತ್ತವೆ, ಮೊದಲು ಚಿಕಿತ್ಸೆ ಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜ್ವರಕ್ಕಾದರೋ 200 ಗಂಟೆ ಕಾಯುವ ಅಗತ್ಯವಿಲ್ಲ. ಈ ವಾರವೇ ಎರಡು ಕಿಲೋಮೀಟರ್ ಒಳಗಿರುವ ಇಬ್ಬರನ್ನು ಗುರುತಿಸಿ. ಒಬ್ಬರು ನಿಮ್ಮ ಕಟ್ಟಡದವರೇ ಆಗಿರಲಿ, ಇನ್ನೊಬ್ಬರು ಆಫೀಸಿನವರಾಗಬಹುದು. ನೇರವಾಗಿ ಹೀಗೆ ಕೇಳಿ: ‘ನಾನೂ ಒಬ್ಬಳೇ ಇರೋದು, ನೀವೂ ಒಬ್ಬರೇ. ಹುಷಾರಿಲ್ಲದಾಗ ಒಬ್ಬರಿಗೊಬ್ಬರು ಫೋನ್ ಮಾಡೋಣ್ವಾ? ಗಂಜಿ, ಮಾತ್ರೆ ತಂದುಕೊಡೋದು, ಬೇಕಾದ್ರೆ ಆಸ್ಪತ್ರೆಗೆ ಜೊತೆಗೆ ಹೋಗೋದು, ಇಷ್ಟೇ.’ ಒಪ್ಪಿದವರ ಬಳಿ ಅಪ್ಪ ಅಮ್ಮನ ಫೋನ್ ನಂಬರ್, ನಿಮ್ಮ ರಕ್ತದ ಗುಂಪು, ಒಗ್ಗದ ಔಷಧಿಗಳ ಹೆಸರು ಇರಲಿ. ನಂಬಿಕೆ ಹುಟ್ಟಿದ ಮೇಲೆ ಮನೆಯ ಇನ್ನೊಂದು ಕೀಲಿಕೈಯನ್ನೂ ಅವರಿಗೇ ಕೊಡಿ. ಅವರದ್ದನ್ನು ನೀವು ಇಟ್ಟುಕೊಳ್ಳಿ.